ಹಾಸಿಗೆಯಲ್ಲೇ ಮಳೆ ಅಳೆದವನು

ಲೋಟದ ನೀರು ಬದಿಗಳಲ್ಲಿ ಒಂದಿಷ್ಟು ಮೇಲೆ ಹತ್ತಿ ನಡುವೆ ತಗ್ಗಿದೆ, ಆ ತಗ್ಗಿನ ತಳಕ್ಕೆ ಕಣ್ಣಿಡಬೇಕು, ಬದಿಯನ್ನು ನಂಬಬೇಡ ಮಗಳೇ, ಅದು ಗಾಜಿಗೆ ಅಂಟಿಕೊಂಡು ಜಂಬ ಕೊಚ್ಚಿಕೊಳ್ಳುತ್ತೆ, ಅನ್ನುತ್ತಿದ್ದ ಅಪ್ಪ, ತಗ್ಗು ನೋಡು — ನೋಡುತ್ತಾ ನೋಡುತ್ತಾ ಅವಳ ಗಲ್ಲ ವಕೀಲರ ಮೇಜಿನ ಮಟ್ಟಕ್ಕೆ ಇಳಿದುಬಿಟ್ಟಿತ್ತು, ಅಣ್ಣ ಮೊಣಕೈಯಿಂದ ತಿವಿದ, ಏನ್ ಮಾಡ್ತಿದ್ದೀಯ, ನೆಟ್ಟಗೆ ಕೂತ್ಕೋ, ಅವಳು ನೆಟ್ಟಗೆ ಕೂತಳು. ಐವತ್ತೆಂಟು ವರ್ಷದ ಹೆಂಗಸು ಪರರ ಕಚೇರಿಯಲ್ಲಿ ಮೇಜಿಗೆ ಗಲ್ಲ ಊರಿಕೊಂಡರೆ ನೋಡಿದವರು ಏನಂದುಕೊಂಡಾರು, ಆದರೆ ಕಣ್ಣು ಮಾತು ಕೇಳಬೇಕಲ್ಲ, ನೀರು ಗಾಜು ಒಟ್ಟಿಗೆ ಕಂಡರೆ ಸಾಕು, ತಾನಾಗಿ ಕೆಳಗಿಳಿಯುತ್ತೆ, ಮೂವತ್ತೊಂದು ವರ್ಷ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹಾಗೇ ಇಳಿದಿದೆ, ರಕ್ತವೋ ಮೂತ್ರವೋ ಕೊಳವೆಯಲ್ಲಿ ನಿಂತ ಮೇಲೆ ಎಲ್ಲವೂ ಒಂದೇ, ತಗ್ಗಿನ ತಳ ನೋಡಬೇಕು, ಬರೆಯಬೇಕು, ಬರೆದದ್ದನ್ನು ನಂಬದೆ ಇನ್ನೊಂದು ಸಲ ನೋಡಬೇಕು. ಮತ್ತೊಮ್ಮೆ ಅಕ್ಕ ಅಂತ ಅವಳಿಗೆ ಹೆಸರೇ ಇಟ್ಟಿದ್ದರು ಲ್ಯಾಬಿನ ಹುಡುಗಿಯರು, ಯಾವ ವರದಿ ತಂದುಕೊಟ್ಟರೂ ಮತ್ತೊಮ್ಮೆ ನೋಡಿ ಅನ್ನುತ್ತಾಳೆ, ನಿವೃತ್ತಿಯ ದಿನ ಕೊಟ್ಟ ಹೂಗುಚ್ಛದ ಹೂಗಳನ್ನೂ ಎರಡು ಸಲ ಎಣಿಸಿದಳಂತೆ — ಎಣಿಸಿರಲಿಲ್ಲ, ಅದು ಅವರು ಕಟ್ಟಿದ ಕಥೆ, ಆದರೆ ಎಣಿಸಬೇಕು ಅನ್ನಿಸಿದ್ದಂತೂ ನಿಜ.

ವಕೀಲರು ಸರಪಳಿಗೆ ಕಟ್ಟಿದ ಕನ್ನಡಕವನ್ನು ಮೂಗಿಗೇರಿಸಿ ಓದುತ್ತಿದ್ದಾರೆ, ಒಳ್ಳೆಯ ಹೆಂಗಸು, ಅವಸರವಿಲ್ಲ, ಹಾಳೆ ತಿರುಗಿಸುವಾಗಲೂ ಸದ್ದಿಲ್ಲ. ಪತ್ರಿಕೆಯ ತುಣುಕನ್ನು ಅಣ್ಣ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದಿದ್ದಾನೆ, ಎರಡು ತಿಂಗಳಿಂದ ಅದನ್ನು ಎದೆಯ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಾನೆ, ಕಂಡಕಂಡವರಿಗೆ ತೋರಿಸಿ ನೀವೇ ಹೇಳಿ ಇದು ಸರಿಯಾ ಅನ್ನುತ್ತಾನೆ, ಓದದೆ ಇದ್ದವರಿಗೂ ಓದಿಸಿ ಓದಿಸಿ ಅಪ್ಪನ ಮಾನ ಕಾಪಾಡುತ್ತಿದ್ದಾನೆ, ಪಾಪ. ಬರೆದವರು ನಿವೃತ್ತ ಇಂಜಿನಿಯರು, ಪೇಟೆಯ ದೊಡ್ಡ ಚರಂಡಿ ಕಟ್ಟಿಸಿದವರು, ಎಂಬತ್ತನಾಲ್ಕನೆಯ ವಯಸ್ಸಿಗೆ ಭಾನುವಾರದ ಪುರವಣಿಯಲ್ಲಿ ತಮ್ಮ ನೆನಪುಗಳನ್ನು ಬಿಚ್ಚುತ್ತಾ ಬಂದವರು ಏಳನೆಯ ಕಂತಿನಲ್ಲಿ ಅಪ್ಪನನ್ನು ಎಳೆದು ತಂದು ಹೀಗೆ ಬರೆದರು. ಆ ಕಾಲದಲ್ಲಿ ನಮ್ಮೂರಿನ ಮಳೆ ಅಳೆಯಲು ಸರ್ಕಾರ ಒಬ್ಬ ಮಹಾಶಯನನ್ನು ಸಾಕಿತ್ತು, ಬೆಳಿಗ್ಗೆ ಎದ್ದು ಹತ್ತು ಹೆಜ್ಜೆ ನಡೆದು ಮಾಪಕ ನೋಡುವುದಷ್ಟೇ ಅವನ ಕೆಲಸ, ಆದರೆ ಅವನು ಹಾಸಿಗೆಯಲ್ಲೇ ಮಲಗಿ ಮಳೆ ಅಳೆಯುವ ವಿದ್ಯೆ ಕಲಿತಿದ್ದ, ಮಹಾಮಳೆಯ ಮರುದಿನ ಅವನು ಬರೆದದ್ದು ಎಪ್ಪತ್ತೆರಡು ಮಿಲಿಮೀಟರ್, ಅಕ್ಕಪಕ್ಕದ ಎರಡು ಊರುಗಳಲ್ಲಿ ನೂರಾ ಎಂಬತ್ತಕ್ಕೂ ಮೇಲೆ, ಆ ಸುಳ್ಳುಗಾರನ ಅಂಕಿ ನಂಬಿ ನಾನು ಚರಂಡಿಯ ಅಗಲ ನಿಶ್ಚಯಿಸಿದೆ, ಮುಳುಗಿದ್ದು ಪೇಟೆ, ಬೈಸಿಕೊಂಡದ್ದು ನಾನು, ಅವನು ಪಿಂಚಣಿ ತಿಂದುಕೊಂಡು ತಣ್ಣಗೆ ಸತ್ತ. ಹತ್ತು ಹೆಜ್ಜೆ ಅಲ್ಲ, ಇಪ್ಪತ್ಮೂರು ಹೆಜ್ಜೆ, ಅವಳಿಗೆ ಮೊದಲ ಸಲ ಓದಿದಾಗ ಬಂದ ಯೋಚನೆ ಅದೊಂದೇ, ಅಪ್ಪನ ಹೆಜ್ಜೆಗೆ ಇಪ್ಪತ್ಮೂರು, ಅವಳದಕ್ಕೆ ಮೂವತ್ತೇಳು.

ಊರಿಗೆ ಆ ಮಾತು ಬಹಳ ರುಚಿಸಿತು. ಕ್ಷೌರದಂಗಡಿಯಲ್ಲಿ ಅಣ್ಣ ಕುರ್ಚಿಯಲ್ಲಿ ಕೂತು ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡ ಮೇಲೆ, ಎದ್ದು ಹೋಗೋಕೂ ಆಗದ ಹೊತ್ತು ನೋಡಿ, ಹಿಂದಿನ ಬೆಂಚಿನಿಂದ ಯಾರೋ ಅಂದರಂತೆ, ನಾಳೆ ಮಳೆ ಬರುತ್ತಾ ಸಾರ್, ನಿಮ್ಮ ಮನೇಲಿ ಮಲಗಿ ನೋಡಿದ್ರೆ ಗೊತ್ತಾಗುತ್ತಲ್ಲ. ಇಡೀ ಅಂಗಡಿ ನಕ್ಕಿತಂತೆ, ಕ್ಷೌರಿಕನೂ ನಕ್ಕ, ನಗುವಾಗ ಕತ್ತರಿ ಜಾರಿ ಕಿವಿಯ ಹತ್ತಿರ ಒಂದು ಕಡೆ ಗುಳಿ ಬಿತ್ತು, ಅದು ತುಂಬೋಕೆ ಮೂರು ವಾರ ಹಿಡಿಯಿತು. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ತರ್ ಆಗಿದ್ದವನು, ಸೀಟಿ ಊದಿದರೆ ನಾನೂರು ಮಕ್ಕಳು ಕಂಬದಂತೆ ನಿಲ್ಲುತ್ತಿದ್ದರು, ಅವನು ಆ ದಿನ ದುಡ್ಡು ಎಣಿಸಿಟ್ಟು ಸೀದಾ ಎದ್ದು ಬಂದ. ಅವಳ ಮನೆಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅತ್ತ, ಅವನು ಅತ್ತದ್ದನ್ನು ಅವಳು ಅಪ್ಪ ಸತ್ತ ದಿನವೂ ನೋಡಿರಲಿಲ್ಲ, ಆ ದಿನ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸುವುದರಲ್ಲೇ ಇದ್ದ. ಸತ್ತು ಹತ್ತೊಂಬತ್ತು ವರ್ಷ ಆದ ಮೇಲೆ ಕಣೇ, ಅಪ್ಪ ಎದ್ದು ಬಂದು ಜವಾಬು ಕೊಡೋಕಾಗುತ್ತಾ, ನಾವು ಇಬ್ರು ಇದ್ದೂ ಏನು ಪ್ರಯೋಜನ — ಅವಳು ಬೆನ್ನು ಸವರಿದಳು, ಸವರುತ್ತಾ ಆಯ್ತು ಬಿಡು ವಕೀಲರ ಹತ್ತಿರ ಹೋಗೋಣ ಅಂದವಳು ಅವಳೇ, ಬೇರೆ ಏನನ್ನಾದರೂ ಹೇಳುವುದರ ಬದಲು ಅದನ್ನು ಹೇಳಿದಳು.

ನೋಡಿ, ಅಂತ ವಕೀಲರು ಮೊದಲ ದಿನವೇ ಬಿಡಿಸಿ ಹೇಳಿದ್ದರು, ಸತ್ತವರಿಗೆ ಮಾನ ಇಲ್ಲ ಅಂತಲ್ಲ, ಹೋಯ್ತು ಅಂತ ಕೇಳೋಕೆ ಅವರು ಬರೋಕಾಗಲ್ಲ ಅಷ್ಟೆ, ಪರಿಹಾರ ಕೇಳೋ ಹಕ್ಕು ಅವರ ಜೊತೆಗೇ ಹೋಯ್ತು, ಅದನ್ನ ಮನೆ ಥರ ಮಕ್ಕಳು ಹಂಚ್ಕೊಳ್ಳೋಕಾಗಲ್ಲ. ಆದ್ರೆ ಮನೆಯವರ ಮನಸ್ಸು ನೋಯಿಸ್ಬೇಕು ಅಂತಲೇ ಸತ್ತವರ ಮೇಲೆ ಸುಳ್ಳು ಹೊರಿಸಿದ್ರೆ ದೂರು ಕೊಡಬಹುದು, ಕೊಟ್ಟವರು ನಾವು ನೊಂದಿದ್ದೀವಿ ಅಂತ ಹೇಳ್ಬೇಕು, ಅದು ಸುಳ್ಳು ಅಂತ ಪ್ರಮಾಣ ಮಾಡ್ಬೇಕು. ನೊಂದಿದ್ದೀವಿ ಮೇಡಂ, ಪ್ರಮಾಣಾನೂ ಮಾಡ್ತೀವಿ, ಅಂತ ಅಣ್ಣ ಎದ್ದು ನಿಂತೇಬಿಟ್ಟ, ಕೂತ್ಕೊಳ್ಳಿ, ನೀವು ಆ ದಿನ ಎಲ್ಲಿದ್ರಿ, ನಾನು ಬೇರೆ ಊರಲ್ಲಿ ಹಾಸ್ಟೆಲಲ್ಲಿ, ಹದಿನಾರು ವರ್ಷ ನಂಗೆ, ಹಾಗಾದ್ರೆ ಮನೆಯಲ್ಲಿ ಯಾರಿದ್ರು. ಇಬ್ಬರೂ ಅವಳ ಕಡೆ ತಿರುಗಿದರು. ಅಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ರಸ್ತೆಯಲ್ಲಿ ಸೊಂಟದ ತನಕ ನೀರು, ಮರುದಿನ ಮಧ್ಯಾಹ್ನದ ತನಕ ಬರೋಕಾಗಲಿಲ್ಲ, ಮನೆಯಲ್ಲಿದ್ದದ್ದು ಅಪ್ಪ ಮತ್ತು ಹತ್ತು ವರ್ಷದ ಅವಳು, ಅಮ್ಮನೂ ಈಗಿಲ್ಲ. ನೀವೇ ಮುಖ್ಯ ಹಾಗಾದ್ರೆ, ಅಂದರು ವಕೀಲರು, ನಿಮ್ಮ ಸಹಿ ಇಲ್ದೆ ಇದು ನಿಲ್ಲಲ್ಲ.

ಮುಖ್ಯ ಅನ್ನಿಸಿಕೊಳ್ಳುವುದು ಅವಳಿಗೆ ಒಗ್ಗುವುದಿಲ್ಲ, ಆದರೆ ಆಗ ಒಂದು ಕಾಲದಲ್ಲಿ ಎಷ್ಟು ಒಗ್ಗಿತ್ತು, ಬೆಳಿಗ್ಗೆ ಎಂಟೂವರೆಗೆ ಅಪ್ಪನ ಜೊತೆ ಮಳೆ ಮಾಪಕದ ಬೇಲಿಯೊಳಗೆ ಕಾಲಿಡುವಾಗ ಅವಳಷ್ಟು ಮುಖ್ಯರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ನೆಲದ ಗುಣಿಯಲ್ಲಿ ಅರ್ಧ ಇಳಿಸಿಟ್ಟ ತಾಮ್ರದ ಡಬ್ಬ, ಮೇಲೆ ಆಲಿಕೆ, ಒಳಗೆ ನೀರು ಹಿಡಿಯುವ ಪಾತ್ರೆ, ಪಕ್ಕದಲ್ಲಿ ಗೆರೆ ಕೊರೆದ ಉದ್ದನೆಯ ಅಳತೆಗಾಜು. ಅಪ್ಪ ಬಗ್ಗಿ ಪಾತ್ರೆ ಎತ್ತಿ ಗಾಜಿಗೆ ಸುರಿಯುತ್ತಿದ್ದ, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಿದ್ದ, ಬೀದಿಯಲ್ಲಿ ಹೋಗುವವರು ನೋಡಿದರೆ ಅಧಿಕಾರಿ ತನ್ನ ಕೆಲಸದಲ್ಲಿ ಮುಳುಗಿದ್ದಾರೆ, ಮಗಳು ಪಕ್ಕದಲ್ಲಿ ಆಡಿಕೊಂಡಿದ್ದಾಳೆ. ಆಡುತ್ತಿದ್ದವಳು ತುಟಿ ಅಲ್ಲಾಡಿಸದೆ ಹೇಳುತ್ತಿದ್ದಳು, ಹದಿನಾಲ್ಕು ಮತ್ತು ನಾಲ್ಕು ಅಪ್ಪ, ಅಪ್ಪ ಗಟ್ಟಿಯಾಗಿ ಹೇಳುತ್ತಿದ್ದ, ಹದಿನಾಲ್ಕು ಪಾಯಿಂಟ್ ನಾಲ್ಕು. ಅಪ್ಪನಿಗೆ ಕಣ್ಣಿನ ನಡುಭಾಗ ಹೋಗಿತ್ತು. ಎದುರಿಗೆ ನಿಂತವರ ಹೆಗಲು ಕಾಣುತ್ತೆ ಕಣೇ, ಕೂದಲು ಕಾಣುತ್ತೆ, ಮುಖ ಇರಬೇಕಾದ ಕಡೆ ಯಾರೋ ಹೆಬ್ಬೆಟ್ಟು ಒತ್ತಿಟ್ಟ ಹಾಗೆ, ಅನ್ನುತ್ತಿದ್ದ, ಎಡವುತ್ತಿರಲಿಲ್ಲ, ಗೋಡೆಗೆ ಡಿಕ್ಕಿ ಹೊಡೆಯುತ್ತಿರಲಿಲ್ಲ, ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಪೇಟೆಗೆ ಹೋದರೆ ಅವಳ ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳುತ್ತಿದ್ದ, ನೋಡಿದವರು ಎಂಥ ಮುದ್ದು ಅನ್ನುತ್ತಿದ್ದರು, ಮುದ್ದೂ ಹೌದು, ಕೈಬಿಟ್ಟರೆ ನೂರು ಮಕ್ಕಳ ನಡುವೆ ತನ್ನ ಮಗಳು ಯಾವುದು ಅಂತ ಅವನಿಗೆ ತಿಳಿಯುತ್ತಿರಲಿಲ್ಲ. ಕೆಲಸ ಹೋದರೆ ಕ್ವಾರ್ಟರ್ಸೂ ಹೋಗುತ್ತೆ, ಅಣ್ಣನ ಹಾಸ್ಟೆಲೂ ಹೋಗುತ್ತೆ, ಇನ್ನು ಎರಡು ವರ್ಷ ತಳ್ಳಿದರೆ ನಿವೃತ್ತಿ, ಅಣ್ಣನಿಗೆ ಹೇಳಬೇಡ, ಅವನು ಓದೋದು ಬಿಟ್ಟು ಓಡಿ ಬರ್ತಾನೆ. ಅವಳು ಹೇಳಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡವಳು ಇವತ್ತಿಗೂ ತೆಗೆದಿಲ್ಲ, ಅಪ್ಪನ ಕಣ್ಣು ನಿವೃತ್ತಿ ಆದಮೇಲೆ ಹೋಯಿತು ಅಂತಲೇ ಅಣ್ಣ ತಿಳಿದಿದ್ದಾನೆ.

ಓದಿ ನೋಡಿ, ವಕೀಲರು ಹಾಳೆಗಳನ್ನು ಅವಳ ಕಡೆ ತಳ್ಳಿದ್ದಾರೆ, ನಿಧಾನವಾಗಿ ಓದಿ, ನಾಲ್ಕನೇ ಪ್ಯಾರಾ ನಿಮ್ಮದು. ಅಕ್ಷರ ದಪ್ಪಗಿವೆ, ಸಾಲಿನ ನಡುವೆ ಜಾಗ ಬಿಟ್ಟಿದ್ದಾರೆ, ಅಪ್ಪನ ರಿಜಿಸ್ಟರಿನಲ್ಲಿ ಸಾಲುಗಳು ಇರುವೆ ಹರಿದಂತೆ ಒತ್ತೊತ್ತಾಗಿ ಇದ್ದವು, ಅದಕ್ಕೇ ಅವಳು ಒಂದು ರಟ್ಟಿನಲ್ಲಿ ಬೆರಳಗಲದ ಕಿಟಕಿ ಕೊರೆದಿದ್ದಳು, ಆ ದಿನದ ಖಾಲಿ ಚೌಕದ ಮೇಲೆ ಕಿಟಕಿ ಸರಿಯಾಗಿ ಇಟ್ಟುಕೊಟ್ಟರೆ ಅಪ್ಪ ಬೆರಳಿನಿಂದ ಅಂಚು ತಡವಿ ಅದರೊಳಗೆ ಅಂಕಿ ಬರೆಯುತ್ತಿದ್ದ, ಅಕ್ಷರ ಅವನದೇ ಇರಬೇಕು, ಮೇಲಿನಿಂದ ಪರಿಶೀಲನೆಗೆ ಬರುವವರು ಹದ್ದಿನ ಕಣ್ಣಿನವರು. ಮಾಪಕ ನೋಡದ ದಿನ ಗೆರೆ ಹಾಕಬೇಕು, ಅದು ಅಪ್ಪ ಕಲಿಸಿದ ಇನ್ನೊಂದು ಪಾಠ, ಗೆರೆ ಹಾಕೋದರಲ್ಲಿ ನಾಚಿಕೆ ಇಲ್ಲ, ಗೆರೆ ಅಂದ್ರೆ ಗೊತ್ತಿಲ್ಲ ಅಂತ ಅಷ್ಟೆ, ಅಂಕಿ ಬರೆದೆ ಅಂದ್ರೆ ಅದಕ್ಕೆ ನಾನು ಜವಾಬು. ಇಷ್ಟು ವರ್ಷದಲ್ಲಿ ಎಷ್ಟು ಗೆರೆ ಹಾಕಿದ್ದೀ ಅಪ್ಪ, ಒಂದೇ ಒಂದು, ನೀನು ಹುಟ್ಟಿದ ದಿನ, ಆ ದಿನ ಮಾಪಕದ ಹತ್ತಿರ ಹೋಗೋದೇ ಮರೆತುಹೋಯ್ತು. ಹಳೆಯ ರಿಜಿಸ್ಟರ್ ತೆಗೆದು ಆ ಗೆರೆಯನ್ನು ಅವಳಿಗೆ ತೋರಿಸಿದ್ದ, ಪುಟದ ತುಂಬ ಅಂಕಿ, ನಡುವೆ ಒಂದು ಪುಟ್ಟ ಗೆರೆ, ಇದೇ ನೀನು ಅಂದಿದ್ದ, ಅವಳಿಗೆ ಅದು ತನ್ನ ಫೋಟೋಕ್ಕಿಂತ ಇಷ್ಟವಾಗಿತ್ತು.

ಮಳೆ ಹಿಂದಿನ ದಿನ ಸಂಜೆ ಹಿಡಿದದ್ದು ಬೆಳಗಿನ ಜಾವದ ತನಕ ಬಿಡಲಿಲ್ಲ. ರಾತ್ರಿಯೆಲ್ಲ ಅಪ್ಪ ಸೋರುವ ಕಡೆಗಳಿಗೆ ಬಕೆಟ್ ಇಟ್ಟು ಇಟ್ಟು ನೆನೆದು ಬೆಳಿಗ್ಗೆ ಜ್ವರ, ಹಲ್ಲು ಕಟಕಟ — ಹೌದು, ಆ ದಿನ ಅಪ್ಪ ಹಾಸಿಗೆಯಲ್ಲೇ ಇದ್ದ, ಇಂಜಿನಿಯರು ಕುರುಡು ಏಟು ಹೊಡೆದರೂ ಸರಿಯಾದ ಕಡೆಗೇ ಬಿತ್ತು, ಹಾಸಿಗೆ ಇತ್ತು, ಮಳೆ ಇತ್ತು, ಅಪ್ಪನೂ ಇದ್ದ. ನಾನೇ ಹೋಗಿ ನೋಡ್ಕೊಂಡು ಬರ್ತೀನಿ ಅಪ್ಪ, ಹೋಗ್ತೀಯಾ, ಪಾತ್ರೆ ಎತ್ತಬೇಡ, ತುಂಬಿರುತ್ತೆ, ಅಲ್ಲೇ ಚೆಂಬಿನಿಂದ ಗಾಜಿಗೆ ಹಾಕಿ ಹಾಕಿ ನೋಡು, ಎಷ್ಟು ಗಾಜು ಆಯ್ತು ಅಂತ ಬೆರಳಲ್ಲಿ ಎಣಿಸ್ಕೋ, ಹೂಂ. ಹೊರಗೆ ಬಿಸಿಲು ಬಿದ್ದಿತ್ತು. ಎಂಥ ಬಿಸಿಲು, ತೊಳೆದಿಟ್ಟ ಬಿಸಿಲು, ಬೇಲಿಯ ತಂತಿಯ ಮೇಲೆ ಹನಿಗಳು ಸಾಲಾಗಿ ಕೂತಿದ್ದವು, ಎದುರುಮನೆಯ ಗೇಟು ಹೊಸದಾಗಿ ಬಣ್ಣ ಬಳಿದಂತೆ ಹೊಳೆಯುತ್ತಿತ್ತು. ಪಾತ್ರೆ ಕಂಠದ ತನಕ ತುಂಬಿ ಹೊರಗಿನ ಡಬ್ಬಕ್ಕೂ ಚೆಲ್ಲಿತ್ತು, ಅಷ್ಟು ನೀರನ್ನು ಅವಳು ಎಂದೂ ನೋಡಿರಲಿಲ್ಲ, ಅಪ್ಪನಿಗೆ ತೋರಿಸಬೇಕು ಅನ್ನಿಸಿತು, ಕಣ್ಣಿಗೆ ಕಾಣದಿದ್ದರೇನು ಕೈ ಮುಳುಗಿಸಿ ನೋಡಲಿ, ಎರಡೂ ಕೈಯಲ್ಲಿ ಪಾತ್ರೆ ಸಮೇತ ಡಬ್ಬವನ್ನೇ ಎತ್ತಿ ಎದೆಗೆ ಅವಚಿಕೊಂಡು ಮೂರು ಹೆಜ್ಜೆ — ಕಲ್ಲಿನ ಮೇಲೆ ಪಾಚಿ. ಬಿದ್ದದ್ದು ನೋಯಲಿಲ್ಲ. ನೀರು ಒಂದು ಸಲ ಅವಳ ಸೊಂಟದ ಕೆಳಗೆಲ್ಲ ಹರಿದು ನೆಲಕ್ಕೆ ಹರಡಿಕೊಂಡಿತು, ನೆಲ ಮೊದಲೇ ಒದ್ದೆ, ಯಾವುದು ಅಳೆಯುವ ಮಳೆ ಯಾವುದು ಅಳೆಯದ ಮಳೆ ಅಂತ ಗೊತ್ತಾಗದ ಹಾಗೆ ಸೇರಿಹೋಯಿತು, ಡಬ್ಬದ ತಳದಲ್ಲಿ ಒಂದು ಬೊಗಸೆಯೂ ಉಳಿಯಲಿಲ್ಲ. ತಲೆ ಎತ್ತಿದರೆ ಎದುರುಮನೆಯ ಗೇಟು, ಗೇಟಿನ ಮೇಲೆ ಬಿಳಿ ಬಣ್ಣದಲ್ಲಿ ಮನೆ ನಂಬರು, ಎಪ್ಪತ್ತೆರಡು. ಅವಳು ಎಲ್ಲವನ್ನೂ ಮೊದಲಿನ ಹಾಗೆ ಜೋಡಿಸಿಟ್ಟು ಒಳಗೆ ಬಂದಳು, ಇಷ್ಟು ಬೇಗ ಆಯ್ತಾ ಅಂದ ಅಪ್ಪ, ಹಾಸಿಗೆಯಲ್ಲಿ ಎದ್ದು ಕೂತು ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡಿದ್ದ, ಅವಳು ರಟ್ಟಿನ ಕಿಟಕಿ ಇಟ್ಟುಕೊಟ್ಟಳು. ಎಷ್ಟು. ಎಪ್ಪತ್ತೆರಡು. ಅಪ್ಪ ಕೈ ಚಾಚಿ ಅವಳ ಫ್ರಾಕಿನ ಅಂಚನ್ನು ಹಿಡಿದುಕೊಂಡ, ಪೇಟೆಯಲ್ಲಿ ಹಿಡಿದುಕೊಳ್ಳುವ ಹಾಗೆ. ಮತ್ತೊಮ್ಮೆ ಹೇಳು. ಎಪ್ಪತ್ತೆರಡು ಅಪ್ಪ. ಅಪ್ಪ ಅಂಚು ಬಿಟ್ಟ, ಕೈಯನ್ನು ಕಂಬಳಿಗೆ ಒರೆಸಿಕೊಂಡ, ಬರೆದ.

ಅಪ್ಪನಿಗೆ ಗೊತ್ತಿರಲಿಲ್ಲ, ಅದೊಂದೇ ಸಮಾಧಾನ, ನಲವತ್ತೆಂಟು ವರ್ಷ ಅದೊಂದನ್ನೇ ಹಿಡಿದುಕೊಂಡು ಬಂದಿದ್ದಾಳೆ. ತಪ್ಪು ಅವಳದು, ಸುಳ್ಳು ಅವಳದು, ಅಪ್ಪ ಮಗಳು ಹೇಳಿದ್ದನ್ನು ನಂಬಿ ಬರೆದ, ಅಷ್ಟೆ. ಆ ಇಂಜಿನಿಯರು ಒಮ್ಮೆ ಲ್ಯಾಬಿಗೂ ಬಂದಿದ್ದರು, ಅವಳು ತೋಳಿಗೆ ಪಟ್ಟಿ ಕಟ್ಟಿ ಸೂಜಿ ಚುಚ್ಚುವಾಗ ತಲೆ ಆ ಕಡೆ ತಿರುಗಿಸಿಕೊಂಡು ಮಾತಾಡುತ್ತಲೇ ಇದ್ದರು, ಸೂಜಿಗೆ ಹೆದರುವವರು ಹಾಗೆಯೇ, ನನ್ನ ಚರಂಡಿ ಸರಿಯಾಗೇ ಇತ್ತಮ್ಮ, ಕೊಟ್ಟ ಅಂಕಿ ತಪ್ಪು, ಮೂರು ಸಲ ಪೇಟೆಗೆ ನೀರು ನುಗ್ಗಿತು, ಯಾರ ಜೀವಾನೂ ಹೋಗ್ಲಿಲ್ಲ ಸದ್ಯ, ಆದ್ರೆ ಬಟ್ಟೆ ಅಂಗಡಿಯವರು ನೆಂದ ಥಾನುಗಳನ್ನ ತಂದು ನನ್ನ ಮನೆ ಮುಂದೆ ಸುರಿದ್ರು, ನನ್ನ ಹೆಂಡತಿ ಒಂದು ವರ್ಷ ಬೀದಿಗೆ ಇಳೀಲಿಲ್ಲ. ಹೌದಾ ಸಾರ್ ಅಂದಳು ಅವಳು, ಮುಷ್ಟಿ ಬಿಡಿ ಸಾರ್ ಅಂದಳು. ಅವರ ರಕ್ತವನ್ನು ಎರಡು ಸಲ ಅಲ್ಲ, ಮೂರು ಸಲ ಪರೀಕ್ಷೆ ಮಾಡಿದಳು, ಇನ್ನೇನು ಮಾಡಲು ಸಾಧ್ಯವಿತ್ತು ಅವಳಿಂದ, ಆ ಮನುಷ್ಯನಿಗೆ ಇನ್ನೊಂದು ತಪ್ಪು ಅಂಕಿ ಕೊಡದೆ ಇರುವುದನ್ನು ಬಿಟ್ಟು. ಮನೆಗೆ ಬಂದು ಎರಡು ದಿನ ಊಟ ಸೇರಲಿಲ್ಲ, ನಾಳೆ ಹೋಗಿ ಹೇಳಿಬಿಡುತ್ತೇನೆ ಅಂದುಕೊಂಡಳು, ಆ ನಾಳೆ ಬರಲಿಲ್ಲ, ಮಗಳ ಪರೀಕ್ಷೆ ಬಂತು, ಗಂಡನ ಬೆನ್ನುನೋವು ಬಂತು, ಹೀಗೆ ಏನೋ ಒಂದು ಬರುತ್ತಲೇ ಇತ್ತು.

ನಾಲ್ಕನೇ ಪ್ಯಾರಾ. ಮೃತರು ಆ ದಿನ ತಮಗೆ ನಿಜವೆಂದು ತಿಳಿದಿದ್ದ ಅಂಕಿಯನ್ನೇ ದಾಖಲಿಸಿದರು, ಉದ್ದೇಶಪೂರ್ವಕವಾಗಿ ಸುಳ್ಳು ಬರೆಯಲಿಲ್ಲ, ಇದನ್ನು ನಾನು ಖುದ್ದಾಗಿ ಬಲ್ಲೆ. ಅವಳು ಓದಿದಳು, ಮತ್ತೊಮ್ಮೆ ಓದಿದಳು. ಎಷ್ಟು ಚೆನ್ನಾಗಿ ಬರೆದಿದ್ದಾರೆ ವಕೀಲರು, ಏನೂ ಗೊತ್ತಿಲ್ಲದೆಯೂ ಅವಳಿಗೆಂದೇ ಅಳೆದು ಹೊಲಿದ ಹಾಗೆ, ಇದರಲ್ಲಿ ಮಾಪಕದ ಹತ್ತಿರ ಯಾರು ಹೋದರು ಅಂತ ಇಲ್ಲ, ಅಂಕಿ ಸರಿ ಅಂತಲೂ ಇಲ್ಲ, ಅಪ್ಪನಿಗೆ ನಿಜವೆಂದು ತಿಳಿದಿದ್ದನ್ನು ಅಪ್ಪ ಬರೆದ ಅಂತ ಇದೆ, ಅದು ಅಪ್ಪಟ ಸತ್ಯ, ಇದಕ್ಕೆ ಸಹಿ ಹಾಕಿದರೆ ಅವಳು ಸುಳ್ಳು ಹೇಳಿದಂತಾಗುವುದಿಲ್ಲ, ಅಪ್ಪನ ಕಣ್ಣಿನ ಗುಟ್ಟೂ ಹೊರಬೀಳುವುದಿಲ್ಲ, ಅಣ್ಣನ ತಲೆ ಎತ್ತುತ್ತದೆ. ಎದುರಿನವರು ಕೋರ್ಟಿನಲ್ಲಿ ಕೇಳ್ತಾರೆ, ನಿಮಗೆ ಹೇಗೆ ಗೊತ್ತು ಅಂತ, ವಕೀಲರು ಹೇಳುತ್ತಿದ್ದಾರೆ, ಆಗ ನೀವು ಧೈರ್ಯವಾಗಿ ಹೇಳ್ಬೇಕು, ನಾನು ಅಲ್ಲೇ ಇದ್ದೆ ಅಂತ. ಅಲ್ಲೇ ಇದ್ದೆ, ಅವಳು ತಲೆಯಾಡಿಸಿದಳು, ಅದಂತೂ ನಿಜ. ಮತ್ತೆ ಅವರ ನಡತೆ ಬಗ್ಗೆ ಒಂದೆರಡು ಮಾತು ನೆನಪು ಮಾಡ್ಕೊಳ್ಳಿ, ಕೆಲಸದಲ್ಲಿ ಎಷ್ಟು ನಿಷ್ಠೆ ಇತ್ತು ಅನ್ನೋದಕ್ಕೆ. ಇದೆ ಮೇಡಂ, ಅವಳು ತಾನಾಗಿ ಬಾಯಿ ಬಿಟ್ಟದ್ದು ಇದೇ ಮೊದಲು, ಆ ಅಂಕಿ ಬರೆದ ಮರುದಿನ, ಜ್ವರ ಇನ್ನೂ ಬಿಟ್ಟಿರಲಿಲ್ಲ, ಅಪ್ಪ ಎದ್ದು ಹೋಗಿ ಮಾಪಕದ ಸುತ್ತಿನ ಕಲ್ಲಿನ ಪಾಚಿಯನ್ನ ಇಟ್ಟಿಗೆ ಚೂರಲ್ಲಿ ಕೆರೆದು ಕೆರೆದು ತೆಗೆದ್ರು, ಅಮ್ಮ ಎಷ್ಟು ಬೈದ್ರೂ ಕೇಳ್ಲಿಲ್ಲ, ಎರಡು ಗಂಟೆ ಮೊಣಕಾಲೂರಿ ಕೂತಿದ್ರು. ನೋಡಿದ್ರಾ, ಅಣ್ಣ ಮೇಜು ಕುಟ್ಟಿದ, ಇಂಥವರನ್ನ ಹಾಸಿಗೆಯಲ್ಲಿ ಮಲಗಿದ್ದ ಅಂತಾನಲ್ಲ ಆ ಮುದುಕ. ಬಹಳ ಒಳ್ಳೆ ವಿಷಯ ಇದು, ಅಂತ ವಕೀಲರು ಪಕ್ಕದಲ್ಲಿ ಬರೆದುಕೊಂಡರು, ಇದನ್ನೂ ಸೇರಿಸೋಣ.

ಅಣ್ಣ ತನ್ನ ಜೇಬಿನ ಪೆನ್ನು ಬಿಚ್ಚಿ ಕೊಟ್ಟ, ನೀಲಿ ಪೆನ್ನು, ಶಾಲೆಯವರು ಬೀಳ್ಕೊಡುವಾಗ ಕೊಟ್ಟದ್ದು, ಕೊಡುವ ಭರದಲ್ಲಿ ಅವನ ತೋಳು ಲೋಟಕ್ಕೆ ತಾಗಿತು. ಅಯ್ಯೋ, ಕಾಗದ, ಕಾಗದ ತೆಗೀರಿ, ವಕೀಲರು ಹಾಳೆಗಳನ್ನು ಎತ್ತಿಕೊಂಡರು, ನೀರು ಮೇಜಿನ ಮೇಲೆ ಅಗಲವಾಗಿ ಹರಡಿ ಅವಳ ಕಡೆಯ ಅಂಚಿನಿಂದ ಸಣ್ಣಗೆ ಇಳಿಯಿತು, ಮಡಿಲಿನಲ್ಲಿದ್ದ ಶಾಲು ನೆನೆಯಿತು. ಏನೂ ಆಗಲಿಲ್ಲ ಬಿಡಿ, ನೀರು ತಾನೇ, ಅಂದಳು. ಅವಳು ಶಾಲಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಳು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿತು, ಅಂಗೈ ಒದ್ದೆ, ಒದ್ದೆ ಕೈಯಲ್ಲಿ ಪೆನ್ನು ಹಿಡಿದರೆ ಸಹಿ ಕೆಡುತ್ತೆ, ಕೈಯನ್ನು ತೊಡೆಯ ಮೇಲಿನ ಒಣಬಟ್ಟೆಗೆ ಒರೆಸಿಕೊಂಡಳು, ಬರೆಯುವ ಮೊದಲು ಕೈ ಒರೆಸಿಕೊಳ್ಳಬೇಕು — ಅಪ್ಪನೂ ಒರೆಸಿಕೊಂಡ. ಕಂಬಳಿಗೆ. ಬರೆಯುವ ಮೊದಲು. ಹಾಸಿಗೆಯಲ್ಲಿ ಕೂತಿದ್ದವನ ಕೈ ಯಾಕೆ ಒದ್ದೆಯಾಗಿತ್ತು. ಹೊರಗೆ ಬಿಸಿಲು, ತೊಳೆದಿಟ್ಟ ಬಿಸಿಲು, ಒಂದು ಹನಿಯೂ ಬೀಳುತ್ತಿರಲಿಲ್ಲ, ಚೆಂಬಿನಿಂದ ಗಾಜಿಗೆ ನೀರು ಹಾಕಿ ಎಣಿಸಿಕೊಂಡು ಬಂದ ಮಗುವಿನ ಫ್ರಾಕು ಒಣಗಿರಬೇಕಿತ್ತು. ಅಪ್ಪ ಅಂಚು ಹಿಡಿದದ್ದು ಪೇಟೆಯಲ್ಲಿ ಹಿಡಿಯುವ ಹಾಗೆ ಅಂತ ಯಾರು ಹೇಳಿದರು, ಅವಳೇ, ಅವಳಿಗೆ ಅವಳೇ ಹೇಳಿಕೊಂಡದ್ದು, ನಲವತ್ತೆಂಟು ವರ್ಷ. ಇಷ್ಟು ಬೇಗ ಆಯ್ತಾ. ಹತ್ತು ಗಾಜು ಅಳೆಯೋಕೆ ಎಷ್ಟು ಹೊತ್ತು ಬೇಕು ಅಂತ ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮತ್ತೆ ಆ ಪಾಚಿ, ಪಾಚಿಯ ಮಾತನ್ನು ಅವಳು ಎತ್ತಿರಲೇ ಇಲ್ಲ, ಮಂಡಿ ತರಚಿದ್ದನ್ನು ಅಮ್ಮನಿಗೂ ತೋರಿಸಿರಲಿಲ್ಲ, ಕಲ್ಲು ಜಾರುತ್ತೆ ಅಂತ ಅಪ್ಪನಿಗೆ ಹೇಳಿದವರು ಯಾರು.

ಹುಷಾರಾಗಿದ್ದೀರಾ, ವಕೀಲರು ಕೇಳುತ್ತಿದ್ದಾರೆ, ಹೂಂ ಅಂದಳು. ಗೆರೆ ಹಾಕಬಹುದಿತ್ತು ಅಪ್ಪ, ಗೆರೆ ಹಾಕೋದರಲ್ಲಿ ನಾಚಿಕೆ ಇಲ್ಲ ಅಂದಿದ್ದೆಯಲ್ಲ — ಹಾಕಬಹುದಿತ್ತು, ಅಷ್ಟು ದೊಡ್ಡ ಮಳೆಯ ದಿನ ಗೆರೆ ಕಂಡರೆ ಮೇಲಿನವರು ಓಡಿ ಬರುತ್ತಾರೆ, ಯಾಕೆ ನೋಡಲಿಲ್ಲ ಅನ್ನುತ್ತಾರೆ, ಯಾರು ನೋಡುತ್ತಿದ್ದರು ಅನ್ನುತ್ತಾರೆ, ಕಣ್ಣು ತೋರಿಸಿ ಅನ್ನುತ್ತಾರೆ, ಹತ್ತು ವರ್ಷದ ಮಗುವನ್ನು ನಿಲ್ಲಿಸಿ ಏನಾಯ್ತು ಹೇಳು ಅನ್ನುತ್ತಾರೆ. ಅಪ್ಪ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ, ಅವಳ ಸುಳ್ಳನ್ನು ತಗೊಂಡು ತನ್ನ ಕೈಬರಹದಲ್ಲಿ ತನ್ನ ಸುಳ್ಳು ಮಾಡಿಕೊಂಡ, ಆಮೇಲೆ ಬದುಕಿದ್ದ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಎತ್ತಿ ಆಡಲಿಲ್ಲ, ಪೇಟೆ ಮುಳುಗಿದ ಸುದ್ದಿ ರೇಡಿಯೋದಲ್ಲಿ ಬಂದಾಗ ಎದ್ದು ಹೋಗಿ ಅದನ್ನು ಆರಿಸಿದ, ಅವಳು ರೂಮಿನಲ್ಲಿದ್ದಳು, ಅದಕ್ಕೇ ಆರಿಸಿದ. ಹಾಗಾದರೆ ಇಂಜಿನಿಯರು ಬರೆದದ್ದು — ಸುಳ್ಳುಗಾರ. ಗೊತ್ತಿದ್ದೂ ಬರೆದ. ನಾಲ್ಕನೇ ಪ್ಯಾರಾ ಸುಳ್ಳು. ಅಳು ಬರಬೇಕಿತ್ತು, ಬರಲಿಲ್ಲ, ಎಲ್ಲೋ ಒಳಗೆ ಬೆಚ್ಚಗಾಯಿತು, ಇಷ್ಟು ವರ್ಷ ತಾನೊಬ್ಬಳೇ ಹೊತ್ತುಕೊಂಡಿದ್ದೇನೆ ಅಂದುಕೊಂಡದ್ದರ ಇನ್ನೊಂದು ತುದಿಯನ್ನು ಅಪ್ಪನೂ ಹಿಡಿದುಕೊಂಡೇ ಇದ್ದ.

ಸಹಿ ಹಾಕೇ, ಅಣ್ಣ ಮೆತ್ತಗೆ ಅಂದ, ಅವನ ಕಿವಿಯ ಹತ್ತಿರ ಕೂದಲು ಮತ್ತೆ ಸರಿಯಾಗಿ ಬೆಳೆದಿದೆ, ಅವನಿಗೂ ಅರವತ್ತನಾಲ್ಕು, ಅವನ ಕಣ್ಣು ನೋಡಿದರೆ ಅಪ್ಪನದೇ, ಆದರೆ ಇವು ಅವಳ ಮುಖವನ್ನು ನೋಡುತ್ತಿವೆ. ಅವಳು ಪೆನ್ನಿನ ಮುಚ್ಚಳ ಹಾಕಿದಳು. ಮೇಡಂ, ಬದುಕಿರೋರ ಬಗ್ಗೆ ಯಾರಾದ್ರೂ ಹೀಗೆ ಬರೆದ್ರೆ. ವಕೀಲರು ಕನ್ನಡಕ ಇಳಿಸಿದರು, ಬದುಕಿದ್ರೆ ಅವರೇ ಬಂದು ಹೇಳ್ಬೇಕಮ್ಮ, ಬೇರೆಯವರು ಹೇಳೋಕಾಗಲ್ಲ. ಹೂಂ. ಇವತ್ತು ನುಂಗಿದರೆ ಈ ಮಾತು ಇನ್ನು ಹೊರಗೆ ಬರುವುದಿಲ್ಲ. ಅಣ್ಣ, ಆ ದಿನ ಮಾಪಕದ ಹತ್ತಿರ ಹೋಗಿದ್ದು ಅಪ್ಪ ಅಲ್ಲ, ಎಪ್ಪತ್ತೆರಡು ಅಂದಿದ್ದು ನಾನು. ಮಾತು ಬಹಳ ಸಣ್ಣಗೆ ಬಂತು, ಫ್ಯಾನಿನ ಸದ್ದಿನಲ್ಲಿ ಅವನಿಗೆ ಅರ್ಧ ಕೇಳಿರಬೇಕು, ಅರ್ಧ ಕೇಳಲಾರದೆ ಬಿಟ್ಟಿರಬೇಕು, ಅವನು ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡ, ಏನಂದೆ, ಮತ್ತೊಮ್ಮೆ ಹೇಳು — ಮತ್ತೊಮ್ಮೆ ಹೇಳು, ಕಿಟಕಿ ಕೊರೆದ ರಟ್ಟು, ಬಿಸಿಲು, ಅಪ್ಪನ ಮುಷ್ಟಿಯಲ್ಲಿ ಅವಳ ಫ್ರಾಕಿನ ಅಂಚು, ಬೆರಳ ಸಂದಿಯಿಂದ ಒಂದು ಹನಿ, ಇನ್ನೊಂದು ಹನಿ, ಮುಷ್ಟಿ ಬಿಟ್ಟಿಲ್ಲ, ಅಪ್ಪ ಕಾಯುತ್ತಿದ್ದಾನೆ.